ಸಹಾಯ ಬೇಕು: ಹಳೇ ವಿವಿಧ ಭಾರತಿ ಜಾಹೀರಾತುಗಳು ಯಾರ ಹತ್ತಿರವಾದರೂ ಇವೆಯಾ?

ಎಲ್ಲರಿಗೂ ನಮಸ್ಕಾರ. 1980ರ ದಶಕದಲ್ಲಿ ಬೆಂಗಳೂರು ವಿವಿಧ ಭಾರತಿಯಲ್ಲಿ ಬರುತ್ತಿದ್ದ ಜಾಹೀರಾತುಗಳ ರೆಕಾರ್ಡಿಂಗ್ ಹುಡುಕುತ್ತಿದ್ದೇನೆ. ವಿವಿಧ ಭಾರತಿಯಲ್ಲಿ ಜಾಹೀರಾತು ಶುರುವಾಗಿದ್ದು 1967ರಲ್ಲಿ. ನಿರ್ಮಾದಂಥ ದೊಡ್ಡವು ಈಗಲೂ ಯೂಟ್ಯೂಬಿನಲ್ಲಿ ಸಿಗುತ್ತವೆ. ನನಗೆ ಬೇಕಾಗಿರುವುದು ಊರಿನವು: ಸೀರೆ ಅಂಗಡಿ, ಊದುಬತ್ತಿ, ಕಾಫಿಪುಡಿ.

ಆಗ ಅವನ್ನು ಕೇಳಿದರೆ ಮೈ ಉರಿಯುತ್ತಿತ್ತು. ಒಳ್ಳೇ ಹಾಡು ಮುಗಿಯುತ್ತಿದ್ದಂತೆ ಅದೇ ಸೀರೆ ಅಂಗಡಿ, ಅದೇ ಹೆಂಗಸಿನ ದನಿ, ಅಂಗಡಿ ಹೆಸರು ಮೂರು ಸಲ. ಅಪ್ಪ ಎದ್ದು ಹೋಗಿ ವಾಲ್ಯೂಮ್ ತಗ್ಗಿಸುತ್ತಿದ್ದರು. ಈಗ ಅಮ್ಮನಿಗೆ ಮರೆವು ಜಾಸ್ತಿಯಾಗಿದೆ. ಕೆಲವು ಸಲ ನನ್ನ ಹೆಸರೂ ನೆನಪಾಗುವುದಿಲ್ಲ. ಆದರೆ ಆ ಜಾಹೀರಾತಿನ ಮೊದಲ ಸಾಲನ್ನು ರಾಗವಾಗಿ ಹಾಡುತ್ತಾರೆ. ಎರಡನೇ ಸಾಲಿಗೆ ಬಂದು ನಿಂತುಬಿಡುತ್ತಾರೆ, ನನ್ನ ಮುಖ ನೋಡುತ್ತಾರೆ. ನನಗೂ ಅದು ಬರುವುದಿಲ್ಲ.

ನಮ್ಮ ಮನೆಯ ಕ್ಯಾಸೆಟ್‌ಗಳನ್ನೆಲ್ಲ ಕೇಳಿ ನೋಡಿದೆ. ರೇಡಿಯೊದಿಂದ ಹಾಡು ರೆಕಾರ್ಡ್ ಮಾಡುವಾಗ ಜಾಹೀರಾತು ಬಂದ ತಕ್ಷಣ ಪಾಸ್ ಬಟನ್ ಒತ್ತಿಬಿಡುತ್ತಿದ್ದೆವು. ಎಲ್ಲರೂ ಹಾಗೇ ಮಾಡುತ್ತಿದ್ದರು ಅಲ್ವಾ? ಅದಕ್ಕೇ ಹಾಡುಗಳು ಉಳಿದಿವೆ, ಇವು ಉಳಿದಿಲ್ಲ. ಆದರೂ ಬೆರಳು ತಡವಾದ ಕಡೆ ನಾಲ್ಕೈದು ಸೆಕೆಂಡ್ ಸಿಕ್ಕಿಕೊಂಡಿರುತ್ತದೆ. ಅಂಥ ತುಣುಕೂ ಸಾಕು.

ಅಂಥ ಕ್ಯಾಸೆಟ್ ಇದ್ದವರು ದಯವಿಟ್ಟು ತಿಳಿಸಿ. ಬೆಂಗಳೂರು, ತುಮಕೂರು, ಮೈಸೂರಿನ ಕಡೆಯಾದರೆ ನಾನೇ ಟೇಪ್ ಪ್ಲೇಯರ್, ಲ್ಯಾಪ್‌ಟಾಪ್ ತಂದು ಪೂರ್ತಿ ಕ್ಯಾಸೆಟ್ ಕಾಪಿ ಮಾಡಿ ನಿಮಗೂ ಕೊಡುತ್ತೇನೆ. ಒಳಗೆ ಬೂಷ್ಟು ಹಿಡಿದಿದ್ದರೆ ಸುಮ್ನೆ ಹಾಕಿ ನೋಡಬೇಡಿ, ಟೇಪ್ ತುಂಡಾಗಬಹುದು. ಸಾಹಿತ್ಯ ನೆನಪಿದ್ದವರು ಹಾಡಿ ಕಳಿಸಿದರೂ ಅಮ್ಮನಿಗೆ ಕೇಳಿಸುತ್ತೇನೆ.