ಸೇರಿ ಏಳು ತಿಂಗಳಾಯ್ತು, ಹೆರಿಗೆ ರಜೆ ಸಿಗುತ್ತಾ?

ಕೇಳಿದವರು, ಬಳ್ಳಾರಿ:
ಬೈಕ್ ಶೋರೂಮ್‌ನಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಒಟ್ಟು ಮೂವತ್ತು ಜನ ಇದ್ದೇವೆ. ಸಂಬಳ 24,000. ಸೇರಿ ಏಳು ತಿಂಗಳಾಗಿದೆ, ನನಗೀಗ ಐದು ತಿಂಗಳು ತುಂಬಿದೆ. "ವರ್ಷ ಆಗಿಲ್ಲ, ರಜೆ ಬರಲ್ಲ. ರಾಜೀನಾಮೆ ಕೊಟ್ಟು ಹೋಗಮ್ಮ, ಆಮೇಲೆ ನೋಡೋಣ" ಅಂತಾರೆ ಮಾಲೀಕರು. ಯಾರಿಗಾದರೂ ಹೀಗೆ ಆಗಿತ್ತಾ?

ರಾಯಚೂರಿನಿಂದ:
ರಾಜೀನಾಮೆಗೆ ಮಾತ್ರ ಸಹಿ ಹಾಕಬೇಡಿ ತಂಗಿ. ವರ್ಷ ತುಂಬಬೇಕು ಅನ್ನೋದು ಸುಳ್ಳು. ಹೆರಿಗೆ ತಾರೀಖಿನ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ಮೊದಲ ಎರಡು ಮಕ್ಕಳಿಗೆ 26 ವಾರ, ಸಂಬಳದ ಸಮೇತ. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆಯೇ ತಗೋಬಹುದು. 1961ರ ಹೆರಿಗೆ ಸೌಲಭ್ಯ ಕಾಯ್ದೆ ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ, ಆದರೆ ಈ ಲೆಕ್ಕ ಹಾಗೇ ಇದೆ.

ನನ್ನನ್ನೂ "ನೋಡೋಣ, ನೋಡೋಣ" ಅಂತಲೇ ಸಾಗಹಾಕುತ್ತಿದ್ದರು. ಕೊನೆಗೆ ಯಾವ ದಿನದಿಂದ ರಜೆ, ದುಡ್ಡು ಯಾರಿಗೆ ಕೊಡಬೇಕು ಅಂತ ಬರೆದು, ಡಾಕ್ಟರ್ ಸರ್ಟಿಫಿಕೇಟ್‌ನ ಜೆರಾಕ್ಸ್ ಪಿನ್ ಹೊಡೆದು ಒಯ್ದೆ. ಪತ್ರ ಎರಡು ಸಲ ಓದಿದರು, ಸೀಲ್ ಮಾತ್ರ ಡ್ರಾಯರ್‌ನಿಂದ ಹೊರಗೆ ಬರಲೇ ಇಲ್ಲ. ಅದೇ ಪತ್ರವನ್ನು ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಂಡೆ. ಆಮೇಲೆ ಮಾತಿನ ಧಾಟಿಯೇ ಬದಲಾಯಿತು ನೋಡ್ರಿ. ಹೆರಿಗೆಗೆ ಮುಂಚಿನ ವಾರಗಳ ದುಡ್ಡು ಮುಂಗಡವಾಗಿ, ಉಳಿದದ್ದು ಹೆರಿಗೆಯ ದಾಖಲೆ ಕೊಟ್ಟ 48 ಗಂಟೆಯೊಳಗೆ ಕೊಡಬೇಕು. ನನಗೆ ಅಷ್ಟು ಬೇಗ ಬರಲಿಲ್ಲ ಬಿಡಿ. ಆದರೆ ಪೂರ್ತಿ ಬಂತು.

ಗಂಗಾವತಿಯಿಂದ:
ನಾನು ರೈಸ್ ಮಿಲ್ ಆಫೀಸಿನಲ್ಲಿದ್ದೆ. ಸಂಬಳದಲ್ಲಿ ಇಎಸ್‌ಐ (ನೌಕರರ ಸರ್ಕಾರಿ ವಿಮೆ) ಕಟ್ ಆಗುತ್ತಿತ್ತು, ಹಾಗಾಗಿ ದುಡ್ಡು ಇಎಸ್‌ಐನಿಂದಲೇ ಬಂತು. ನಿಮ್ಮದು ಇಎಸ್‌ಐ ಮಿತಿಯಾದ 21,000 ದಾಟಿದೆ, ಮಾಲೀಕರೇ ಕೊಡಬೇಕು. ಹಿಂದೇಟು ಹಾಕೋದು ಅದಕ್ಕೇ ಇರಬೇಕು.

ಬಳ್ಳಾರಿಯಿಂದ, ಜೀನ್ಸ್ ಹೊಲಿಯುವವರು:
ನೀವು ಪುಣ್ಯವಂತರು ಅಕ್ಕ. ನಮ್ಮಲ್ಲಿ ಆರೇ ಮಷಿನ್, ಪೀಸ್ ಲೆಕ್ಕದ ಕೂಲಿ. ಹತ್ತು ಜನ ಇಲ್ಲದ ಕಡೆ ರಜೆ ಕೇಳಿದರೆ ನಗ್ತಾರೆ. ಮೊದಲ ಮಗುವಿಗೆ ಅಂಗನವಾಡಿ ಟೀಚರ್ ಅರ್ಜಿ ಹಾಕಿಸಿದ್ದಕ್ಕೆ ಕೇಂದ್ರ ಸರ್ಕಾರದ ಮಾತೃ ವಂದನಾ ಯೋಜನೆಯ 5,000 ಕಂತಿನಲ್ಲಿ ಬಂತು, ಅಷ್ಟೇ.

ಕೊಪ್ಪಳದಿಂದ:
ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವ ಹಾಗಿಲ್ಲ. ತೆಗೆದರೆ 60 ದಿನದೊಳಗೆ ಕಾರ್ಮಿಕ ಇಲಾಖೆಗೆ ದೂರು ಕೊಡಿ. ವಾಪಸ್ ಹೋದ ಮೇಲೆ ಮಗುವಿಗೆ 15 ತಿಂಗಳಾಗುವವರೆಗೆ ಹಾಲು ಕುಡಿಸಲು ದಿನಕ್ಕೆ ಎರಡು ಬಿಡುವು ಉಂಟು. ಶಿಶುಪಾಲನಾ ಕೊಠಡಿ ಮಾತ್ರ 50 ಜನ ಇದ್ದ ಕಡೆ, ನಿಮ್ಮಲ್ಲಿ ಸಿಗಲಿಕ್ಕಿಲ್ಲ. ಹಾಜರಿ ಪುಸ್ತಕದ ಫೋಟೋ, ಸಂಬಳ ಬಿದ್ದ ಬ್ಯಾಂಕ್ ಸ್ಟೇಟ್‌ಮೆಂಟ್ ಈಗಲೇ ತೆಗೆದಿಟ್ಟುಕೊಳ್ಳಿ. ಆ 80 ದಿನಕ್ಕೆ ಸಾಕ್ಷಿ ಅವೇ.