ಪುಟ್ಟಿಯ ಕೆಲಸದ ವಿಷಯಕ್ಕೆ

ತಂಗೀ, ನಿನ್ನೆ ರಾತ್ರಿ ಗ್ರೂಪಿನಲ್ಲಿ ನೀನು ಹಾಕಿದ್ದು ಈಗ ನೋಡಿದೆ. ಭಾನುವಾರ ಸಂಜೆಯಾದರೆ ಪುಟ್ಟಿ ಅಳುತ್ತಾಳೆ, 'ನನಗೆ ಏನು ಬರುತ್ತೆ ಅಂತ ನನಗೇ ಗೊತ್ತಿಲ್ಲ' ಅನ್ನುತ್ತಾಳೆ, ಆಫೀಸಿನಲ್ಲಿ ನೋಡಿದರೆ ಅವಳ ಎಕ್ಸೆಲ್ ಶೀಟನ್ನು ಎಲ್ಲರೂ ಹೊಗಳುತ್ತಾರೆ, ಕೆಲಸ ಬಿಡಿಸಲಾ ಅಂತ ಕೇಳಿದ್ದೀಯ. ಆ ಹೊಗಳಿಕೆ ಕಂಡರೇ ನನಗೆ ಭಯ ಕಣೆ. ಜನ ಹೊಗಳಿದ ಕೆಲಸವೇ ತನ್ನ ಶಕ್ತಿ ಅಂತ ಅವಳು ನಂಬಿಬಿಡಬಾರದು.

ನನ್ನ ಅಡಿಕೆ ಸೊಸೈಟಿ ಕೆಲಸ ನಿಮಗೆಲ್ಲ ಗೊತ್ತೇ ಇದೆ. ಸೇರಿದ ಹೊಸತರಲ್ಲೇ ಮ್ಯಾನೇಜರು ನನ್ನ ಅಕ್ಷರ ನೋಡಿ 'ಮುತ್ತು ಪೋಣಿಸಿದ ಹಾಗಿದೆ, ಲೆಡ್ಜರೆಲ್ಲ ನೀವೇ ಬರೀರಿ' ಅಂದರು. ಅವತ್ತಿನಿಂದ ಲೆಡ್ಜರು ನನ್ನ ತಲೆಗೇ ಬಂತು. ಬರೆದು ಬರೆದು ಸಂಜೆ ಹೊತ್ತಿಗೆ ಯಾರ ಜೊತೆಗೂ ಮಾತು ಬೇಡ ಅನ್ನಿಸುತ್ತಿತ್ತು. ಆದರೆ ಯಾರಾದರೂ ರೈತರು ಸಿಟ್ಟು ಮಾಡಿಕೊಂಡು ಒಳಗೆ ಬಂದರೆ ಸಾಕು, ನನಗೆ ಜೀವ ಬರುತ್ತಿತ್ತು. ತೀರ್ಥಹಳ್ಳಿ ಕಡೆಯವರೊಬ್ಬರು ನೆಂದ ಕೊಡೆಯನ್ನು ಕೌಂಟರಿನ ಮೇಲೇ ಇಟ್ಟು, 'ನನ್ನ ರಾಶಿ ಇಡಿಯನ್ನು ಗೊರಬಲಿಗೆ ಹಾಕಿದ್ದೀರಿ' ಅಂತ ಕೂಗಾಡಿದರು. ಗೊರಬಲು ಅಂದರೆ ಬಲಿತು ಹೋದ ಅಡಿಕೆ, ರಾಶಿ ಇಡಿಗಿಂತ ಕಡಿಮೆ ದರ್ಜೆ. ಮ್ಯಾನೇಜರು ಎದ್ದು ಒಳಗೆ ಹೋದರು. ನಾನು ಅವರ ಚೀಲದಿಂದಲೇ ಒಂದು ಹಿಡಿ ಅಡಿಕೆ ತರಿಸಿದೆ. ಲೆಡ್ಜರ್ ಮುಚ್ಚಿ ಅದರ ಮೇಲೆ ಸುರಿದೆ. ಅಡಕತ್ತರಿಯಲ್ಲಿ ಒಂದೊಂದೇ ಕತ್ತರಿಸಿ ತೋರಿಸಿ, ಬಲಿತು ಹೋದದ್ದನ್ನು ಅವರ ಕೈಯಲ್ಲೇ ಬೇರೆ ಮಾಡಿಸಿದೆ. ಕೊನೆಗೆ ಅವರೇ 'ಅಡಿಕೆ ಕೊನೆ ತೆಗೆಸೋದು ತಡವಾಯ್ತು ಅಮ್ಮಾ' ಅಂದರು. ಆಮೇಲೆ ಅವರ ಊರಿನವರೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು.

ಹಾಗಂತ ನನ್ನನ್ನು ಆ ಕೆಲಸಕ್ಕೆ ಹಾಕಿದರಾ? ಇಲ್ಲ. ಅಕ್ಷರ ಚೆನ್ನಾಗಿದೆಯಲ್ಲ! ಕಂಪ್ಯೂಟರ್ ಬಂತು, ಲೆಡ್ಜರು ಅಟ್ಟ ಸೇರಿತು, ದುಂಡಗಿನ ಅಕ್ಷರ ಯಾರಿಗೂ ಬೇಡವಾಯಿತು. ಅದಕ್ಕೇ ಹೇಳೋದು, ಜನ ಹೊಗಳಿದ ಕೆಲಸವೇ ತನ್ನ ಶಕ್ತಿ ಅಂತ ಪುಟ್ಟಿ ನಂಬಬಾರದು.

ಮನೆಯಲ್ಲಿ ತಾನೇ ಏನು? 'ಇವಳಿಗೆ ಬಾಯಿ ಜಾಸ್ತಿ' ಅಂತ ನೆಂಟರ ಎದುರಿಗೇ ಅನ್ನುತ್ತಿದ್ದರು. ತೋಟದ ನೀರಿನ ಜಗಳದಲ್ಲಿ ಪಕ್ಕದ ಮನೆಯವರ ಜಗಲಿಯಲ್ಲಿ ಕೂತು ಮಾತಾಡಿ ಸರಿಮಾಡಿದ್ದು ಇದೇ ಬಾಯಿ. ಹೆಸರು ಮಾತ್ರ ಭಾವನವರಿಗೆ ಬಂತು. ಇವತ್ತಿಗೂ ಆ ಮಾತು ಬಂದರೆ 'ಭಾವ ಬಗೆಹರಿಸಿದರು' ಅಂತಲೇ ಎಲ್ಲರೂ ಹೇಳುತ್ತೀರಿ. ನನಗೆ ಬೇಜಾರಾಗುತ್ತದೆ ಮಾರಾಯ್ತಿ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಏನು ಬರುತ್ತದೆ ಅಂತ ಯಾರೂ ಕಣ್ಣಿಟ್ಟು ನೋಡಲೇ ಇಲ್ಲ.

ಅಯ್ಯೋ, ಹೇಳಬೇಕಾದ್ದೇ ಬಿಟ್ಟೆ. ಅಪ್ಪಯ್ಯನಿಗೆ ಫೋನಿನಲ್ಲಿ ದುಡ್ಡು ಕಳಿಸೋದು ಕಲಿಸಿದ್ದು ಪುಟ್ಟಿ ಅಲ್ವಾ? ಅವರು ರೇಗಿದರೂ ಮತ್ತೆ ಮೊದಲಿಂದ ತೋರಿಸುತ್ತಿದ್ದಳು. ಕಲಿಸೋದು ಅವಳಿಗೆ ಬರುತ್ತೆ ಅಂತ ನನಗನ್ನಿಸುತ್ತೆ. ಅವಳು ಮಾಡಿದ್ದಾಳಲ್ಲ, ನಮ್ಮಲ್ಲಿ ಯಾವ ಗುಣ ಮುಂದು ಅಂತ ತೋರಿಸುವ ಆ 24 ಗುಣಗಳ ಟೆಸ್ಟು, ಅದರಲ್ಲಿ ಕುತೂಹಲ ಮೊದಲು ಬಂತು ಅಂತ ನೀನು ಹೇಳಿದ್ದೆ. ಪೀಟರ್ಸನ್, ಸೆಲಿಗ್ಮನ್ ಅಂತ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು 2004ರಲ್ಲಿ ಕೊಟ್ಟ ಪಟ್ಟಿ ಅದು. ಸ್ವಭಾವ ತಿಳಿಯೋಕೆ ಒಳ್ಳೆಯದೇ, ಆದರೆ ಯಾವ ಕೆಲಸ ಹಿಡಿಯಬೇಕು ಅಂತ ಅದು ಹೇಳುವುದಿಲ್ಲ.

ಅದಕ್ಕೆ ಮ್ಯಾನೇಜ್‌ಮೆಂಟ್ ಬಗ್ಗೆ ಪುಸ್ತಕ ಬರೆದ ಪೀಟರ್ ಡ್ರಕರ್ ಹೇಳಿದ ದಾರಿ ವಾಸಿ. ಸೊಸೈಟಿಯ ತರಬೇತಿಯಲ್ಲಿ ಕೇಳಿದ್ದು. ಮುಖ್ಯವಾದ ಕೆಲಸಕ್ಕೆ ಕೈ ಹಾಕುವಾಗ ಏನಾಗಬಹುದು ಅಂತ ಬರೆದಿಡಬೇಕು. 9 ಅಥವಾ 12 ತಿಂಗಳಾದ ಮೇಲೆ ತೆಗೆದು, ನಿಜವಾಗಿ ಆದದ್ದರ ಜೊತೆ ಹೋಲಿಸಬೇಕು. ಯಾವುದು ಕೈಹಿಡಿಯುತ್ತದೆ, ಯಾವುದು ಇಲ್ಲ ಅನ್ನೋದು ಆಗ ಗೊತ್ತಾಗುತ್ತದೆ. ಜೊತೆಗೆ ಯಾವ ಕೆಲಸದಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ, ಯಾವುದರಲ್ಲಿ ಸುಸ್ತಾಯಿತು ಅಂತ ದಿನಾ ಸಂಜೆ ಒಂದು ಸಾಲು ಬರೆಯಲಿ. ಹೊಸಬರಿಗೆ ಕೆಲಸ ಕಲಿಸೋದನ್ನು ನನಗೆ ಕೊಡಿ ಅಂತ ಆಫೀಸಿನಲ್ಲಿ ಬಾಯಿಬಿಟ್ಟು ಕೇಳಲಿ. ರಾಜೀನಾಮೆ ಮಾತ್ರ ಈಗಲೇ ಬೇಡ. ಊಟ ಆದ ಮೇಲೆ ನನಗೆ ಫೋನ್ ಮಾಡು ಅಂತ ಹೇಳು ಅವಳಿಗೆ.