ಹಳೆಯ ಕಟ್ಟಡಗಳ ಅಡಿಯಲ್ಲಿ ರೈಲು ಸುರಂಗ ಕೊರೆಯುವಾಗ ನೆಲ ಕುಸಿಯದಂತೆ ತಡೆಯುವುದು ಹೇಗೆ?

ಪ್ರಶ್ನೆ:
ಲಂಡನ್ನಿನ ಎಲಿಜಬೆತ್ ಮಾರ್ಗಕ್ಕಾಗಿ 2012ರಿಂದ 2015ರವರೆಗೆ ಎಂಟು ಯಂತ್ರಗಳು 42 ಕಿಲೋಮೀಟರ್ ಸುರಂಗ ಕೊರೆದವೆಂದು ಓದಿದೆ. ಮೇಲೆ ಶತಮಾನಗಳಷ್ಟು ಹಳೆಯ ಕಟ್ಟಡಗಳು, ಪಕ್ಕದಲ್ಲೇ ಹಿಂದಿನ ರೈಲು ಸುರಂಗಗಳು ಇರುವಾಗ ಅಷ್ಟೊಂದು ಮಣ್ಣು ತೆಗೆದರೂ ನೆಲ ಹೇಗೆ ನಿಲ್ಲುತ್ತದೆ? ಆಳದಲ್ಲಿ ಕೊರೆದರೆ ಸಾಕೇ?

ಉತ್ತರ 1:
ಆಳವೊಂದೇ ಸಾಲದು. ನೆಲ ಒಂದಿಷ್ಟು ಕುಸಿದೇ ಕುಸಿಯುತ್ತದೆ. ಅದನ್ನು ಮಿಲಿಮೀಟರುಗಳ ಲೆಕ್ಕದಲ್ಲಿ ಹಿಡಿದಿಡುವುದೇ ಎಂಜಿನಿಯರರ ಕೆಲಸ. ಅಲ್ಲಿನ ಜೇಡಿಮಣ್ಣಿನಲ್ಲಿ ಬಳಸಿದ ಯಂತ್ರಗಳು ಕೊರೆದ ಮಣ್ಣನ್ನು ತಕ್ಷಣ ಹೊರಹಾಕದೆ ಕತ್ತರಿಸುವ ಚಕ್ರದ ಹಿಂದಿನ ಕೋಣೆಯಲ್ಲಿ ಒತ್ತಡದಲ್ಲಿ ಇಟ್ಟುಕೊಂಡು, ಮುಂದಿನ ನೆಲ ಒಳನುಗ್ಗದಂತೆ ಅದರಿಂದಲೇ ತಡೆಯುತ್ತವೆ. ಯಂತ್ರ ಸಾಗಿದ ವೇಗಕ್ಕಿಂತ ಹೆಚ್ಚು ಮಣ್ಣು ಹೊರಬಂದರೆ ಮೇಲಿನ ನೆಲ ಇಳಿಯಿತೆಂದೇ ಅರ್ಥ. ಯಂತ್ರದ ವ್ಯಾಸ ಸುಮಾರು 7.1 ಮೀಟರ್, ಸುರಂಗದ ಒಳವ್ಯಾಸ 6.2 ಮೀಟರ್. ಯಂತ್ರದ ಹಿಂಭಾಗದಲ್ಲೇ ಕಾಂಕ್ರೀಟ್ ತುಂಡುಗಳನ್ನು ಉಂಗುರವಾಗಿ ಜೋಡಿಸಿ, ಉಂಗುರಕ್ಕೂ ಮಣ್ಣಿಗೂ ನಡುವೆ ಉಳಿಯುವ ಸಂದಿಗೆ ಕೂಡಲೇ ಗ್ರೌಟ್ (ತುಂಬಿದ ಮೇಲೆ ಗಟ್ಟಿಯಾಗುವ ತೆಳು ಸಿಮೆಂಟ್ ಗಾರೆ) ತುಂಬುತ್ತಾರೆ. ಈ ಕೆಲಸ ತಡವಾದರೆ ಮಿಕ್ಕೆಲ್ಲ ಎಚ್ಚರಿಕೆಯೂ ವ್ಯರ್ಥ.

ಉತ್ತರ 2:
ಇದಕ್ಕೆ ಇನ್ನೊಂದು ಮಾತು ಸೇರಿಸಬೇಕು. ಕಟ್ಟಡ ಇಳಿಯತೊಡಗಿದರೆ ಅದನ್ನು ಕೆಳಗಿನಿಂದ ಎತ್ತಿಹಿಡಿಯುವ ವಿಧಾನವೂ ಇದೆ. 1990ರ ದಶಕದಲ್ಲಿ ಜುಬಿಲಿ ಮಾರ್ಗದ ವಿಸ್ತರಣೆಗಾಗಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಆಳವಾದ ನಿಲ್ದಾಣ ಅಗೆಯುವಾಗ, ಬಿಗ್ ಬೆನ್ ಗೋಪುರದ ಅಡಿಯ ಜೇಡಿಮಣ್ಣಿಗೆ ಮುಂಚೆಯೇ ಕೊಳವೆಗಳನ್ನು ತೂರಿಸಿಟ್ಟು, ಗೋಪುರದ ವಾಲಿಕೆಯನ್ನು ಅಳೆಯುತ್ತ, ಬೇಕಾದಾಗಲೆಲ್ಲ ಅವುಗಳ ಮೂಲಕ ಗ್ರೌಟ್ ಒತ್ತಿದರು. ನನ್ನ ದೃಷ್ಟಿಯಲ್ಲಿ ಇಲ್ಲಿ ಗ್ರೌಟಿಗಿಂತ ಅಳತೆಯೇ ಮುಖ್ಯ, ಏಕೆಂದರೆ ಎಲ್ಲಿ, ಎಷ್ಟು ಒತ್ತಬೇಕೆಂಬುದು ತಿಳಿಯದಿದ್ದರೆ ಆಸರೆಯೇ ಹಾನಿಯಾದೀತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಿದ್ದರೆ 2009ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ನಗರದ ದಾಖಲೆಗಳ ಭಂಡಾರವೇ ಕುಸಿದದ್ದು ಏಕೆ? ಅಲ್ಲಿಯೂ ಭೂಗತ ರೈಲಿನ ಕೆಲಸವೇ ನಡೆಯುತ್ತಿತ್ತಲ್ಲವೇ?

ಉತ್ತರ 1:
ಹೌದು, ಆದರೆ ಅಲ್ಲಿ ಸೋತದ್ದು ಯಂತ್ರ ಕೊರೆದ ಸುರಂಗವಲ್ಲ, ಅದರ ಪಕ್ಕದಲ್ಲಿ ಮೇಲಿನಿಂದ ಅಗೆದ ಗುಂಡಿ. ಗುಂಡಿಯ ಸುತ್ತ ಇಳಿಸಿದ್ದ ಕಾಂಕ್ರೀಟ್ ಗೋಡೆಯ ದೋಷದಿಂದ ಅಂತರ್ಜಲವೂ ಮರಳೂ ಒಳನುಗ್ಗಿ, ಕಟ್ಟಡದ ಕೆಳಗಿನ ನೆಲ ಟೊಳ್ಳಾಯಿತು. ನೆರೆಯ ಮನೆಗಳೂ ಕುಸಿದು ಇಬ್ಬರು ಪ್ರಾಣ ಕಳೆದುಕೊಂಡರು. ಆದ್ದರಿಂದ ಇಂಥ ಯೋಜನೆಯ ನಕ್ಷೆ ನೋಡುವಾಗ ಸುರಂಗದ ಗೆರೆಯನ್ನಷ್ಟೇ ನೋಡಬೇಡಿ. ನಿಲ್ದಾಣದ ಗುಂಡಿಗಳು ಎಲ್ಲಿವೆ, ಅಲ್ಲಿನ ಮಣ್ಣು ಜೇಡಿಯೋ ನೀರು ತುಂಬಿದ ಮರಳೋ ಎಂಬುದನ್ನು ಮೊದಲು ವಿಚಾರಿಸಿ.